ಆಲೂಗಡ್ಡೆ ಸಾಲು, ರಾಗಿ ಹಗೇವು

ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇರುವ ನಾವು ನಾಲ್ಕು ಕನ್ನಡದ ಮನೆಯವರು ಈ ಮೇ ತಿಂಗಳಲ್ಲಿ ಆರು ದಿನ ಐರ್ಲೆಂಡ್ ಸುತ್ತಿ ಬಂದೆವು. 16 ಸೀಟಿನ ಗಾಡಿ. ಡ್ರೈವರೇ ಗೈಡ್. ಅಲ್ಲಿ ಸಣ್ಣ ಗುಂಪಿನ ಟೂರ್‌ಗಳಲ್ಲಿ ಇದು ಮಾಮೂಲು. ಸ್ಟಿಯರಿಂಗ್ ಹಿಡಿದವರೇ ಮೈಕ್ ಸಿಕ್ಕಿಸಿಕೊಂಡು ದಾರಿಯುದ್ದಕ್ಕೂ ಮಾತಾಡುತ್ತಾರೆ.

ಮೊಹರ್ ಕಡಲಬಂಡೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 214 ಮೀಟರ್ ಎತ್ತರ, ಕೆಳಗೆ ಅಟ್ಲಾಂಟಿಕ್, ನಿಂತವರನ್ನೇ ತಳ್ಳುವ ಗಾಳಿ. ಫೋಟೋ ನೀವೂ ನೋಡಿರುತ್ತೀರಿ. ನನಗೆ ಮರೆಯಲಾಗದ್ದು ಕಿಲರಿ ಹಾರ್ಬರ್ ಹತ್ತಿರದ ಒಂದು ಗುಡ್ಡ.

ಕಡಲು ಒಳನಾಡಿಗೆ ನುಗ್ಗಿದ ಜಾಗ ಅದು. ಎರಡೂ ಕಡೆ ಹಸಿರು ಗುಡ್ಡ, ಅಲ್ಲಲ್ಲಿ ಕುರಿ. ಹೆಂಗಸರೆಲ್ಲ ಫೋಟೋಗೆ ನಿಂತಿದ್ದರು. ಡ್ರೈವರ್ ಸುಮ್ನೆ ಕೈ ಎತ್ತಿ ಎದುರು ಗುಡ್ಡ ತೋರಿಸಿದರು. ಸಂಜೆ ಬಿಸಿಲು ಓರೆಯಾಗಿ ಬಿದ್ದು, ಹುಲ್ಲಿನ ಅಡಿಯಿಂದ ಬಾಚಣಿಗೆ ಎಳೆದ ಹಾಗೆ ಗೆರೆಗಳು ಎದ್ದು ಕಂಡವು. "ಅವು ಆಲೂಗಡ್ಡೆ ಸಾಲುಗಳು. ಗುದ್ದಲಿಯಲ್ಲಿ ಮಣ್ಣು ಏರಿಸಿ, ಕಡಲಪಾಚಿ ಗೊಬ್ಬರ ಹಾಕಿ ಮಾಡಿದ್ದು. ಬರದಲ್ಲಿ ಬಿತ್ತಿದವರು ಹೋದರು. ಆಮೇಲೆ ಅಲ್ಲಿ ಯಾರೂ ಬಿತ್ತಲಿಲ್ಲ" ಅಂದರು. ಮಕ್ಕಳ ಗಲಾಟೆ ನಿಂತಿತು.

1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಬಡವರಿಗೆ ಬೇರೆ ಊಟವೇ ಇರಲಿಲ್ಲ. 1841ರಲ್ಲಿ 81 ಲಕ್ಷ ಇದ್ದ ಜನ 1851ರ ಎಣಿಕೆಗೆ 65 ಲಕ್ಷಕ್ಕೆ ಇಳಿದರು. ಸತ್ತವರು ಸುಮಾರು 10 ಲಕ್ಷ, ಅಷ್ಟೇ ಜನ ಹಡಗು ಹತ್ತಿದರು. ಇವತ್ತಿಗೂ ಆ ದ್ವೀಪದ ಜನಸಂಖ್ಯೆ 81 ಲಕ್ಷ ಮುಟ್ಟಿಲ್ಲ. ಐರಿಷ್ ನುಡಿಯಲ್ಲಿ ಆ ಬರದ ಹೆಸರು 'ಗೋರ್ಟಾ ಮೋರ್', ಅಂದರೆ ದೊಡ್ಡ ಹಸಿವು. ಪರಿಹಾರದ ಕೂಲಿಗಾಗಿ ಹಸಿದವರಿಂದ ಹಾಕಿಸಿದ ರಸ್ತೆಗಳು ಈಗಲೂ ಇವೆ. ಕೆಲವು ಎಲ್ಲಿಗೂ ಹೋಗುವುದಿಲ್ಲ, ಗುಡ್ಡದಲ್ಲೇ ಮುಗಿಯುತ್ತವೆ.

ಗಾಡಿಗೆ ಹತ್ತುವಾಗ ಡ್ರೈವರ್ ಕೇಳಿದರು, ನಿಮ್ಮ ಕಡೆ ಇಂಥದ್ದು ಆಗಿತ್ತಾ?

ಆಗಿತ್ತು. 30 ವರ್ಷದ ನಂತರ, ಆಗ ಐರ್ಲೆಂಡನ್ನೂ ಆಳುತ್ತಿದ್ದ ಅದೇ ಬ್ರಿಟಿಷರ ಆಳ್ವಿಕೆಯಲ್ಲಿ. ಧಾತು, ಈಶ್ವರ ಎರಡು ಸಂವತ್ಸರ (1876–78) ಮಳೆ ಕೈಕೊಟ್ಟು ಮೈಸೂರು ಸೀಮೆ ಒಣಗಿತು. 1871ರಲ್ಲಿ 50 ಲಕ್ಷ ಇದ್ದ ಜನ 1881ರಲ್ಲಿ 42 ಲಕ್ಷ ಆಗಿದ್ದರು. ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸಕ್ಕೂ ಬರಪರಿಹಾರದ ಕೂಲಿಯವರನ್ನೇ ಹಾಕಿದ್ದರು. ಇದನ್ನೆಲ್ಲ ಹೇಳಿದ್ದು ನಮ್ಮ ಜೊತೆಗಿದ್ದ ಮಂಡ್ಯದ ಗೆಳೆಯ. ಆ ದಾರಿಯಲ್ಲಿ ನೂರು ಸಲ ಓಡಾಡಿದ್ದೇನೆ. ನನಗೆ ಯಾರೂ ಹೇಳಿರಲಿಲ್ಲ.

ನನ್ನ ನೋವು ಇರುವುದು ಇಲ್ಲೇ. ಹೋದ ವರ್ಷ ಅಪ್ಪ ಅಮ್ಮನನ್ನು ಬೆಂಗಳೂರಿನಿಂದ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಅರಮನೆ, ಚಾಮುಂಡಿ ಬೆಟ್ಟ, ಸಂಜೆ ಬೃಂದಾವನ. ಡ್ರೈವರ್ ಇಡೀ ದಿನ ಆಡಿದ್ದು ಒಂದೇ ಮಾತು: "ಸಾರ್, ಇಲ್ಲಿ 40 ನಿಮಿಷ." ಅವರ ತಪ್ಪೇನೂ ಇಲ್ಲ. ನಾವು ಗೊತ್ತು ಮಾಡುವುದೇ ಹಾಗೆ, ಕಿಲೋಮೀಟರ್‌ಗೆ ಇಷ್ಟು, ಬಾಟಾ ಇಷ್ಟು. ಬಾಯಿ ಬಿಟ್ಟು ಮಾತಾಡಿದ್ದಕ್ಕೆ ಕೂಲಿ ಇಲ್ಲ. ವಾಪಸ್ ಬರುವಾಗ ಮದ್ದೂರಿನಲ್ಲಿ ಟೀ ಕುಡಿಯಲು ನಿಂತಾಗ ಅವರು ಆ ಕಡೆಯವರೇ ಎಂದು ಗೊತ್ತಾಯಿತು. ಅವರ ತಾತನ ಮನೆ ಮುಂದೆ ರಾಗಿ ಹಗೇವು ಇತ್ತಂತೆ. ನೆಲದೊಳಗೆ ಮಡಕೆಯ ಆಕಾರದ ಗುಂಡಿ, ಬಾಯಿ ಮಾತ್ರ ಚಿಕ್ಕದು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿಗೆ ಉಸಿರು ಕಟ್ಟುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರಂತೆ. ಆಲೂಗಡ್ಡೆ ಒಂದು ವರ್ಷವೂ ನಿಲ್ಲುವುದಿಲ್ಲ, ಹಗೇವಿನ ರಾಗಿ ಹತ್ತಾರು ವರ್ಷ ಕೆಡುವುದಿಲ್ಲ. ಅಂಥ ಹಗೇವುಗಳೂ ಬರಿದಾಗಿದ್ದ ಬರ ಆ ಧಾತು, ಈಶ್ವರದ್ದು! ಅಷ್ಟು ಕಥೆ ಬಂದದ್ದು ಎರಡು ಗುಟುಕು ಟೀ ಮಧ್ಯೆ, ಅದೂ ನಾನು ಊರು ಯಾವುದು ಅಂತ ಕೇಳಿದ್ದಕ್ಕೆ.

ನಮ್ಮಲ್ಲಿ ಹೇಳುವವರಿಗೆ ಕೊರತೆ ಇಲ್ಲ. ಅವರನ್ನು ಮಾತಿಗೆ ಕೂರಿಸುವ ಏರ್ಪಾಡು ಇಲ್ಲ, ಅಷ್ಟೇ. ಆಯಾ ಸೀಮೆಯ ಡ್ರೈವರ್‌ಗಳಿಗೆ ಒಂದಿಷ್ಟು ತರಬೇತಿ, ಒಂದು ಮೈಕ್, ದಿನಕ್ಕೆ ಮೂರೇ ಜಾಗ, ಮಾತಿಗೂ ಸೇರಿಸಿ ಸಂಬಳ. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಚೆಂದದ ಜಾಗ ಮಾತ್ರ ತೋರಿಸಿ ಕಳಿಸಿದರೆ ಬಂದವರಿಗೆ ನಾಡು ಅರ್ಧ ಮಾತ್ರ ಸಿಗುತ್ತದೆ. ಐರ್ಲೆಂಡಿನವರು ತಮ್ಮ ಅಳುವನ್ನೂ ಅತಿಥಿಯ ಮುಂದೆ ಇಡುತ್ತಾರೆ. ಅದಕ್ಕೇ ಆ ಊರು ನಮಗೆ ಹತ್ತಿರವಾಯಿತು, ಅಲ್ವಾ? ಆ ರಾತ್ರಿ ತಟ್ಟೆಗೆ ಬೇಯಿಸಿದ ಆಲೂಗಡ್ಡೆ ಬಂದಾಗ, ಗೆಳೆಯನ ಹೆಂಡತಿ ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡು, ಮಕ್ಕಳು ಒಂದು ಚೂರೂ ಬಿಡದೆ ತಿಂದರು.

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇವೆ. ಮದ್ದೂರಿನ ಆ ಡ್ರೈವರ್‌ಗೆ ಈಗಲೇ ಫೋನ್ ಮಾಡಿದೆ. "ಅಣ್ಣ, ಈ ಸಲ ಕಿಲೋಮೀಟರ್ ಲೆಕ್ಕ ಬೇಡ, ದಿನದ ಲೆಕ್ಕ ಹೇಳಿ. ಮಕ್ಕಳಿಗೆ ನಿಮ್ಮ ತಾತನ ಹಗೇವು ತೋರಿಸಬೇಕು" ಅಂದೆ.

"ಅದು ಮುಚ್ಚಿಹೋಗಿದೆ ಸಾರ್. ಜಾಗ ಗೊತ್ತು, ಬನ್ನಿ" ಅಂದರು.