ಹೊಗೆಗೇನು ಸಾರ್, ಸಂದಿ ಸಿಕ್ಕರೆ ಸಾಕು

ನಾನು ಕೇಳಿದ್ದು 6 ಇಂಚಿನ ಒಂದು ತೂತು, ಅಷ್ಟೇ.

ಬೆಂಗಳೂರಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಇದು ಹೊಸ ಕಥೆಯಲ್ಲ. ಅಡುಗೆಮನೆ ಚಿಮ್ನಿಯ ಹೊಗೆ ಹೊರಗೆ ಹೋಗೋಕೆ ಗೋಡೆಯಲ್ಲಿ ಜಾಗ ಬೇಕು. ಗೋಡೆ ಏಳುವಾಗಲೇ ಕೇಳಿದ್ದೆ. ಎಂಜಿನಿಯರ್ "ಅದು ಮಾಡ್ಯುಲರ್ ಕಿಚನ್‌ನವರದ್ದು" ಅಂದರು. ಕಿಚನ್‌ನವರು "ಚಿಮ್ನಿ ಕಂಪನಿಯವರೇ ಮಾಡ್ತಾರೆ" ಅಂದರು. ಚಿಮ್ನಿ ಕೂರಿಸಲು ಬಂದ ಹುಡುಗ "ತೂತೆಲ್ಲಿ ಸಾರ್? ಅದು ಸಿವಿಲ್ ಕೆಲಸ" ಅಂದ. ಕೊನೆಗೆ ಮೇಸ್ತ್ರಿ: "ಮೊದಲೇ ಹೇಳ್ಬಾರ್ದಾ ಸಾರ್?"

ನಮ್ಮ ಮೇಸ್ತ್ರಿಯ ಕಿವಿ ಮೇಲೆ ಸದಾ ಒಂದು ಪೆನ್ಸಿಲ್. ಏನೇ ತೊಂದರೆ ಹೇಳಿ, ಅದನ್ನು ತೆಗೆದು ಗೋಡೆ ಮೇಲೆ ದೊಡ್ಡದೊಂದು ಸೊನ್ನೆ ಬರೆಯುತ್ತಾರೆ. ಮೊದಲನೇ ಸೊನ್ನೆಯ ಹಿಂದೆ ಬೀಮ್ ಇತ್ತು. ಎರಡನೆಯದರ ಹಿಂದೆ ಕರೆಂಟ್ ಪೈಪು. ಮೂರನೆಯದು ಸರಿಯಾಗಿತ್ತು, ಆದರೆ ಎದುರಿಗೇ ಪಕ್ಕದವರ ದೇವರಕೋಣೆ ಕಿಟಕಿ. ಅಷ್ಟರಲ್ಲಿ ಗೋಡೆ ದಡ್ಡ ಹುಡುಗನ ಗಣಿತದ ಪೇಪರ್ ಥರ ಆಗಿತ್ತು.

ಆಮೇಲೆ ಅವರಿಗೆ ಹೊಳೆದದ್ದು ಡಕ್ಟು. ಅಡುಗೆಮನೆ ಮತ್ತು ಬಾತ್‌ರೂಮ್ ನಡುವೆ ಪೈಪುಗಳು ಇಳಿಯಲಿ ಅಂತ ಬಿಟ್ಟ ಇಕ್ಕಟ್ಟು ಜಾಗ. ಮಳೆ ಬೀಳದ ಹಾಗೆ ಮೇಲೆ ಫೈಬರ್ ಶೀಟು ಬೇರೆ ಮುಚ್ಚಿದ್ದಾರೆ. ಫಾಲ್ಸ್ ಸೀಲಿಂಗ್ ಒಳಗೆ ಮೂರು ಬೆಂಡ್ ಕೊಟ್ಟು, ಪ್ಲಂಬರ್ ಬಿಟ್ಟುಹೋದ 4 ಇಂಚಿನ ಪಿವಿಸಿ ಪೈಪ್ ಜೋಡಿಸಿ ಹೊಗೆಯನ್ನು ಅಲ್ಲಿಗೆ ಬಿಟ್ಟರು. 6 ಇಂಚಿನ ಬಾಯಿಗೆ 4 ಇಂಚಿನ ಪೈಪ್ ಹಾಕಿದರೆ ಗಾಳಿಗೆ ಅರ್ಧ ದಾರಿಯೂ ಉಳಿಯಲ್ಲ, ಒಂದೊಂದು ಬೆಂಡಿಗೂ ಎಳೆತ ಕಮ್ಮಿಯಾಗುತ್ತೆ. ಹೇಳಿದೆ. "ಹೊಗೆಗೇನು ಸಾರ್, ಸಂದಿ ಸಿಕ್ಕರೆ ಸಾಕು, ಹೋಗುತ್ತೆ." ಎಳೆತ ಇದೆಯಾ ಅಂತ ನೋಡೋಕೆ ಚಿಮ್ನಿ ಹುಡುಗ ಫಿಲ್ಟರಿಗೆ ಒಂದು ಹಾಳೆ ಹಿಡಿದ. ಅದು ಅಂಟಿಕೊಂಡಿತು. ಅದೇ ಹಾಳೆ ಮೇಲೆ ನನ್ನ ಸಹಿ ಹಾಕಿಸಿಕೊಂಡು ಹೊರಟ.

ಹೊಗೆ ಹೋಯಿತು. ಬಾತ್‌ರೂಮಿಗೆ.

ಮೊನ್ನೆ ಏಕಾದಶಿ. ಅಪ್ಪ ನಿರಾಹಾರ, ಸ್ನಾನಕ್ಕೆ ಹೋಗಿದ್ದರು. ಇತ್ತ ಮಕ್ಕಳ ಡಬ್ಬಿಗೆ ಚಿತ್ರಾನ್ನ. ಸೊಳ್ಳೆ ಬರುತ್ತೆ ಅಂತ ಕಿಟಕಿಗಳೆಲ್ಲ ಬಂದ್. ಚಿಮ್ನಿ ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ಲ? ಡಕ್ಟಿನಿಂದಲೇ ಬಂತು, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಮೂಲಕ. ಸ್ವಿಚ್ ಹಾಕದ ಫ್ಯಾನು ತಾನಾಗಿಯೇ ಉಲ್ಟಾ ತಿರುಗುತ್ತಿತ್ತು. ಬಾಣಲೆಯಿಂದ ಎದ್ದ ಒಗ್ಗರಣೆ ಡಕ್ಟಿಗೆ ಹೋಗಿ, ಬಾತ್‌ರೂಮಿಗೆ ನುಗ್ಗಿ, ಹಾಲ್ ಸುತ್ತಿ, ಮತ್ತೆ ಚಿಮ್ನಿಗೇ ಬರುತ್ತಿತ್ತು. ಅಪ್ಪ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಮಡಿಪಂಚೆಯಲ್ಲಿ ಹೊರಗೆ ಬಂದರು. ಮೈಯೆಲ್ಲ ಇಂಗು ಕರಿಬೇವಿನ ಘಮ. "ಉಪವಾಸ ಇದ್ದವನನ್ನ ಹೀಗಾ ಪರೀಕ್ಷೆ ಮಾಡೋದು?" ಅಂದರು. ಸ್ವಲ್ಪ ತಡೆದು, "ಇಂಗು ಜಾಸ್ತಿಯಾಯ್ತು" ಅಂತಲೂ ಅಂದರು.

ಮೇಸ್ತ್ರಿಯನ್ನು ಕರೆಸಿ ಫ್ಯಾನ್ ತೋರಿಸಿದೆ. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. "ಕರೆಂಟೇ ಇಲ್ದೆ ತಿರುಗ್ತಿದೆಯಲ್ಲ ಸಾರ್. ಬಿಲ್ ಉಳೀತು ಅಲ್ವಾ?"

ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯಲ್ಲಿ ಹೊಗೆಗೆ ಯಾರೂ ದಾರಿ ಮಾಡಿಕೊಟ್ಟಿರಲಿಲ್ಲ. ಒಲೆಯಿಂದ ಎದ್ದು, ಅಟ್ಟ ಸವರಿ, ಹೆಂಚಿನ ಸಂದಿಯಲ್ಲಿ ಸುಮ್ನೆ ಹೋಗುತ್ತಿತ್ತು. ಗಾಜಿನ ಹೆಂಚಿನಿಂದ ಇಳಿದ ಬಿಸಿಲುಕೋಲಿನಲ್ಲಿ ಅದು ಸುರುಳಿಯಾಗೋದನ್ನು ನೋಡುತ್ತ ಕೂರುತ್ತಿದ್ದೆ. ಆದರೆ ಊದುಕೊಳವೆ ಹಿಡಿದ ಅಜ್ಜಿ ಕೆಮ್ಮುತ್ತಲೇ ಇರುತ್ತಿದ್ದರು. ಹಾಗಾಗಿ ಆ ಕಾಲವೇ ಚೆನ್ನಾಗಿತ್ತು ಅನ್ನೋಕೆ ನನಗೆ ಬಾಯಿ ಬರಲ್ಲ.

ಈಗ ಕೋರ್ ಕಟಿಂಗ್ ಮಾಡಿಸಿ, ಅಂದರೆ ಮೆಷಿನ್‌ನಲ್ಲಿ ಗೋಡೆಗೆ ದುಂಡಗೆ ತೂತು ಕೊರೆಸಿ, 6 ಇಂಚಿನ ಪೈಪನ್ನು ಹೊರಗೋಡೆಯ ಮೇಲೆ ಟೆರೇಸಿಗೆ ಏರಿಸೋದು ಅಂತಾಗಿದೆ. ಅದಕ್ಕೆ ಆ ಮೂರನೇ ಸೊನ್ನೆಯ ಜಾಗವೇ ಸರಿ. ಅದರ ಮೇಲೆ ಎರಡು ಕೋಟ್ ಪೇಂಟ್ ಬಿದ್ದಿದೆ, ಮೇಸ್ತ್ರಿ ಮತ್ತೆ ಪೆನ್ಸಿಲ್ ತೆಗೆದರು. ಡಕ್ಟ್ ಕಡೆಗಿನ ಹಳೇ ತೂತು ಮುಚ್ಚಿಬಿಡಿ ಅಂದರೆ ಮಾತ್ರ ಒಪ್ಪುತ್ತಿಲ್ಲ.

"ಇರ್ಲಿ ಬಿಡಿ ಸಾರ್, ಮುಂದೆ ಎಸಿ ಪೈಪಿಗೆ ಬೇಕಾಗುತ್ತೆ."