ಅಮರೋನೆಯ ಭಾರ ಎಲ್ಲಿಂದ ಬರುತ್ತದೆ

ಕೆಂಪು ವೈನಿನ ವಿಷಯದಲ್ಲಿ 'ಫುಲ್ ಬಾಡಿ' ಅನ್ನುವ ಮಾತು ನಮ್ಮಲ್ಲಿ ಈಗ ಬರೀ ಹೊಗಳಿಕೆಯಾಗಿ ಓಡಾಡುತ್ತಿದೆ. ಬಾಯ್ತುಂಬ ದಪ್ಪ, ಬಣ್ಣ ಕಡುಗಪ್ಪು, ಗಂಟಲಿಳಿಯುವಾಗ ಬಿಸಿ. ಮೂರೂ ಇದ್ದರೆ ಭಾರೀ ವೈನ್ ಅಂತ ತೀರ್ಪು. ನನ್ನ ಪ್ರಕಾರ ಆ ಮೂರರಲ್ಲಿ ಒಂದೂ ಗುಣಕ್ಕೆ ಸಾಕ್ಷಿಯಲ್ಲ. ಅಷ್ಟು ಭಾರವನ್ನು ಹೊರುವುದಕ್ಕೆ ಒಳಗೆ ಏನಿದೆ ಅಂತ ಕೇಳಬೇಕು. ಹುಳಿ ಇದೆಯೇ? ಕೊನೆಗೆ ಒಂದು ಎಳೆ ಕಹಿ ಇದೆಯೇ? ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಬೇಕೆನಿಸುತ್ತದೆಯೇ, ಇಲ್ಲ ಬಾಯಿ ಕಟ್ಟಿಹೋಗುತ್ತದೆಯೇ?

ಇದಕ್ಕೆ ಇಟಲಿಯ ಅಮರೋನೆಯನ್ನೇ ಎತ್ತಿಕೊಳ್ಳುತ್ತೇನೆ. ಜಗತ್ತಿನ ಅತಿ ಭಾರದ ಕೆಂಪು ವೈನ್‌ಗಳ ಸಾಲಿನಲ್ಲಿ ಅದಕ್ಕೊಂದು ಜಾಗ ಖಾಯಂ. ಆಲ್ಕೋಹಾಲ್ 15ರಿಂದ 17 ಶೇಕಡಾ. ಆದರೆ ಅದನ್ನು ಮಾಡುವ ದ್ರಾಕ್ಷಿ ತೀರಾ ಹಗುರದ್ದು.

ವೆರೋನಾ ಊರಿನ ಉತ್ತರಕ್ಕೆ, ಗಾರ್ಡಾ ಸರೋವರದ ಪೂರ್ವಕ್ಕೆ ವಾಲ್ಪೊಲಿಚೆಲ್ಲಾ ಅನ್ನುವ ಕಣಿವೆಗಳ ಸೀಮೆ ಇದೆ. ನೆಗ್ರಾರ್, ಮರಾನೊ, ಫುಮಾನೆ ಅದರ ಹಳೆಯ ಭಾಗ. ಅಲ್ಲಿಯ ಮುಖ್ಯ ತಳಿ ಕೊರ್ವಿನಾ, ಜೊತೆಗೆ ಕೊರ್ವಿನೋನೆ, ರೊಂಡಿನೆಲ್ಲಾ. ಕೊರ್ವಿನಾ ಬಳ್ಳಿಯ ಬುಡದ ಕಣ್ಣುಗಳು ಫಲ ಕೊಡುವುದಿಲ್ಲ. ಹಾಗಾಗಿ ಚಾಟ್ನಿ ಮಾಡುವಾಗ, ಅಂದರೆ ಬಳ್ಳಿ ಸವರುವಾಗ, ಕಡ್ಡಿಯನ್ನು ಉದ್ದ ಬಿಡಲೇಬೇಕು, ಉದ್ದ ಬಿಟ್ಟಿದ್ದನ್ನು ಹಬ್ಬಿಸಲು ಚಪ್ಪರ ಬೇಕು. ವೆರೋನಾದ ಹಳೆಯ ತೋಟಗಳಲ್ಲಿ ಇವತ್ತಿಗೂ ಚಪ್ಪರವೇ ಕಾಣುವುದಕ್ಕೆ ಇದೊಂದು ಕಾರಣ. ಇದೇ ಹಣ್ಣನ್ನು ಕೊಯ್ದ ಕೂಡಲೇ ಹಿಂಡಿ ಹುದುಗಿಸಿದರೆ ಬರುವುದು ಮಾಮೂಲಿ ವಾಲ್ಪೊಲಿಚೆಲ್ಲಾ: ತಿಳಿ ಕೆಂಪು ಬಣ್ಣ, ಹುಳಿ ಚೆರ್ರಿಯ ರುಚಿ, 12 ಶೇಕಡಾ ಆಸುಪಾಸು, ತುಸು ತಣ್ಣಗೆ ಮಾಡಿಕೊಂಡು ಮಧ್ಯಾಹ್ನದ ಊಟಕ್ಕೆ ಕುಡಿಯುವಂಥದ್ದು. ಬಾಯಿಗೆ ಒಗರು ಕೊಡುವ ಟ್ಯಾನಿನ್ ಕಮ್ಮಿ, ಬಣ್ಣವೂ ಕಮ್ಮಿ. ಕ್ಯಾಬರ್ನೆ ಸೊವಿನ್ಯೋನ್‌ನ ಹಾಗೆ ಸಿಪ್ಪೆಯಲ್ಲೇ ಭಾರ ಹೊತ್ತು ಬರುವ ತಳಿ ಇದಲ್ಲ. ಭಾರವೆಲ್ಲ ಬರುವುದು ಕೊಯ್ಲಾದ ಮೇಲೆ, ಒಣಗಿಸುವ ಅಟ್ಟದಲ್ಲಿ.

ಒಣಗಿಸಿ ವೈನ್ ಮಾಡುವುದು ಆ ಸೀಮೆಗೆ ಹೊಸದಲ್ಲ. 6ನೇ ಶತಮಾನದಲ್ಲಿ ಆಸ್ಟ್ರೊಗಾತ್ ಅರಸೊತ್ತಿಗೆಯ ಅಧಿಕಾರಿ ಕ್ಯಾಸಿಯೊಡೋರಸ್ ಅರಮನೆಗೆ ಇಂಥ ವೈನ್ ತರಿಸಲು ಬರೆದ ಪತ್ರ ಉಳಿದಿದೆ. ಆಗಿನದು ಸಿಹಿ ವೈನ್. ಅದರ ವಾರಸುದಾರ ರೆಚೊತೊ ಇಂದಿಗೂ ಇದೆ. ಅದೇ ರಸದ ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿ ಹುದುಗಿಸಿಬಿಟ್ಟರೆ ಅಮರೋನೆ. ವಾಲ್ಪೊಲಿಚೆಲ್ಲಾಕ್ಕೆ ಡಿಒಸಿ, ಅಂದರೆ ನಿಗದಿತ ಸೀಮೆಯ ವೈನ್ ಅನ್ನುವ ಇಟಲಿಯ ಕಾನೂನು ಮಾನ್ಯತೆ, ಸಿಕ್ಕಿದ್ದು 1968ರಲ್ಲಿ. ಅಮರೋನೆ ಅದಕ್ಕೂ ಮೇಲಿನ ಡಿಒಸಿಜಿ ದರ್ಜೆಗೆ ಏರಿದ್ದು 2010ರಲ್ಲಿ.

ಒಣಗಿಸುವ ಕೆಲಸ ನಮಗೆ ಅಪರಿಚಿತವಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ ನೋಡಿದವರಿಗೆ ಅಮರೋನೆಯ ಅಟ್ಟ ಅರ್ಧ ಅರ್ಥವಾದ ಹಾಗೆ. ಉಳಿದರ್ಧ ಪೂರ್ತಿ ಉಲ್ಟಾ. ನಮ್ಮಲ್ಲಿ ಥಾಮ್ಸನ್ ಸೀಡ್‌ಲೆಸ್ ಜಾತಿಯ ಹಣ್ಣನ್ನು ಪೊಟ್ಯಾಸಿಯಮ್ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. 100 ಲೀಟರ್ ನೀರಿಗೆ ಎರಡೂವರೆ ಕಿಲೋ ಆಸುಪಾಸು ಪುಡಿ, ಒಂದೂವರೆ ಲೀಟರ್ ಎಣ್ಣೆ. ಸಿಪ್ಪೆಯ ಮೇಣದ ಪದರ ಸಡಿಲಾಗಿ ನೀರು ಬೇಗ ಹೊರಬರಲಿ ಅಂತ ಇದು. ಬೇಸಿಗೆಯ ಒಣ ಗಾಳಿಯಲ್ಲಿ ಎರಡು ಮೂರು ವಾರಕ್ಕೆ ಕೆಲಸ ಮುಗಿಯುತ್ತದೆ, ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ವಾಲ್ಪೊಲಿಚೆಲ್ಲಾದಲ್ಲಿ ಏನನ್ನೂ ಅದ್ದುವುದಿಲ್ಲ. ಮೇಣದ ಪದರ ಹಾಗೇ ಇರಬೇಕು, ನೀರು ನಿಧಾನಕ್ಕೆ ಹೋಗಬೇಕು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಕೊಯ್ದ ಗೊಂಚಲು ಚಳಿಗಾಲಕ್ಕೆ ಕಾಲಿಡುತ್ತ 100ರಿಂದ 120 ದಿನ ಒಣಗುತ್ತದೆ. ಕಳೆದುಕೊಳ್ಳುವ ತೂಕ ಮೂವತ್ತರಿಂದ ನಲವತ್ತು ಶೇಕಡಾ ಮಾತ್ರ. ಹತ್ತು ಕಿಲೋ ಇಟ್ಟರೆ ಆರೇಳು ಕಿಲೋ ಉಳಿಯುತ್ತದೆ. ಅದು ಒಣದ್ರಾಕ್ಷಿಯಲ್ಲ, ಬಾಡಿದ ದ್ರಾಕ್ಷಿ.

ಈ ನಿಧಾನವೇ ಇಡೀ ವಿಷಯದ ತಿರುಳು. ಕೊಯ್ದ ಹಣ್ಣು ಸತ್ತಿರುವುದಿಲ್ಲ. ಉಸಿರಾಡುತ್ತಲೇ ಇರುತ್ತದೆ, ಮ್ಯಾಲಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಉರಿಸುತ್ತದೆ, ನೀರಿನ ಕೊರತೆಗೆ ಪ್ರತಿಯಾಗಿ ಸಿಪ್ಪೆಯಲ್ಲಿ ರೆಸ್ವೆರಟ್ರಾಲ್‌ನಂಥ ಹೊಸ ಪದಾರ್ಥಗಳನ್ನು ಕಟ್ಟುತ್ತದೆ. ಬರೀ ನೀರು ತೆಗೆದು ಸಕ್ಕರೆ ಹೆಚ್ಚಿಸುವುದೇ ಗುರಿಯಾಗಿದ್ದರೆ ಬಿಸಿಗಾಳಿ ಬೀಸಿ ಹತ್ತು ದಿನದಲ್ಲಿ ಮುಗಿಸಬಹುದಿತ್ತು. ಹಾಗೆ ಅವಸರ ಮಾಡಿದ ವೈನಿನಲ್ಲಿ ಸಿಹಿಯೂ ಆಲ್ಕೋಹಾಲೂ ಸಿಗುತ್ತವೆ, ಆದರೆ ಒಣ ಚೆರ್ರಿ, ಅಂಜೂರ, ಕೋಕೋ, ತಂಬಾಕಿನ ಪದರಗಳು ಸಿಗುವುದಿಲ್ಲ. ಡಿಸೆಂಬರ್ 1ಕ್ಕೆ ಮುಂಚೆ ಹಿಂಡುವಂತಿಲ್ಲ ಅನ್ನುವ ನಿಯಮವೂ ಇದನ್ನೇ ಕಾಯುತ್ತದೆ.

ಎಡವುವುದೂ ಇಲ್ಲೇ. ಒತ್ತಾಗಿ ಕಾಳು ಕಟ್ಟಿದ ಗೊಂಚಲು ಅಟ್ಟಕ್ಕೆ ಲಾಯಕ್ಕಲ್ಲ. ಕಾಳುಗಳ ನಡುವೆ ಗಾಳಿ ಆಡಬೇಕು. ಅದಕ್ಕೇ ಸಡಿಲ ಗೊಂಚಲನ್ನು ಕೈಯಲ್ಲೇ ಆರಿಸಿ, ಐದಾರು ಕಿಲೋ ಹಿಡಿಯುವ ಅಗಲವಾದ ಕ್ರೇಟಿನಲ್ಲಿ ಒಂದೇ ಪದರ ಹರಡುತ್ತಾರೆ. ಹಿಂದೆ ಬಿದಿರಿನ ಚಾಪೆ ಇತ್ತು, ಕೆಲವರಲ್ಲಿ ಈಗಲೂ ಇದೆ. ಮೊದಲ ಎರಡು ಮೂರು ವಾರ ದೊಡ್ಡ ಗಂಡಾಂತರ: ಶರತ್ಕಾಲದ ಮಳೆ, ಮಂಜು ಹಿಡಿದುಕೊಂಡರೆ ಬೂದು ಬೂಷ್ಟು ಅಂದರೆ ಬೊಟ್ರೈಟಿಸ್ ಹತ್ತುತ್ತದೆ. ಅದರ ಲ್ಯಾಕೇಸ್ ಕಿಣ್ವ ಬಣ್ಣವನ್ನು ಕಂದುಗಟ್ಟಿಸುತ್ತದೆ. ಒಡೆದ ಕಾಳಿನಲ್ಲಿ ಅಸಿಟಿಕ್ ಬ್ಯಾಕ್ಟೀರಿಯಾ ಸೇರಿ ನೇಲ್ ಪಾಲಿಶ್ ವಾಸನೆಗೆ ಅಡಿಪಾಯ ಹಾಕುತ್ತವೆ. ಫ್ಯಾನ್, ತೇವ ಹೀರುವ ಯಂತ್ರ ಬಂದ ಮೇಲೆ ಈ ಅಪಾಯ ಬಹಳ ತಗ್ಗಿದೆ. ಯಂತ್ರ ಬಂದದ್ದರಿಂದ ಸಂಪ್ರದಾಯ ಕೆಟ್ಟಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೂಷ್ಟು ಹಿಡಿದ ವೈನನ್ನು ಹಳ್ಳಿಯ ಸೊಗಡು ಅಂತ ಮಾರುವುದಕ್ಕಿಂತ ಫ್ಯಾನ್ ಹಾಕುವುದು ಮೇಲು.

ಲೆಕ್ಕ ನೋಡಿ. ಕೊಯ್ಲಿನ ಹೊತ್ತಿಗೆ ರಸದಲ್ಲಿ ಲೀಟರಿಗೆ 190 ಗ್ರಾಂ ಸಕ್ಕರೆ ಇದ್ದರೆ, ಮೂರನೇ ಒಂದು ಭಾಗ ತೂಕ ಹೋದ ಮೇಲೆ ಅದು 280ರ ಆಸುಪಾಸು. ಸುಮಾರು 17 ಗ್ರಾಂ ಸಕ್ಕರೆಗೆ ಒಂದು ಶೇಕಡಾ ಆಲ್ಕೋಹಾಲ್. ಅಲ್ಲಿಗೆ 16 ದಾಟಿತು. 100 ಕಿಲೋ ಹಸಿ ಹಣ್ಣಿನಿಂದ 40 ಲೀಟರಿಗಿಂತ ಹೆಚ್ಚು ಅಮರೋನೆ ತೆಗೆಯುವಂತಿಲ್ಲ. ಸಾಮಾನ್ಯ ಕೆಂಪು ವೈನಾದರೆ ಅಷ್ಟೇ ಹಣ್ಣಿಗೆ 65-70 ಲೀಟರ್. ನಾಲ್ಕು ತಿಂಗಳ ಅಟ್ಟ, ಕನಿಷ್ಠ ಎರಡು ವರ್ಷದ ಮಾಗುವಿಕೆ, ಹೆಚ್ಚು ಮಾಗಿಸುವ ರಿಸರ್ವಾ ಆದರೆ ನಾಲ್ಕು ವರ್ಷ. ಬಾಟಲಿ ದುಬಾರಿಯಾಗುವುದರಲ್ಲಿ ಬರೀ ಹೆಸರಿನ ಪಾಲಿಲ್ಲ.

ಹುದುಗು ಇನ್ನೊಂದು ಪರೀಕ್ಷೆ. ಜನವರಿಯ ಚಳಿ, ಸೆಲ್ಲರ್ ಹತ್ತು ಡಿಗ್ರಿ ಆಸುಪಾಸು, ರಸವೋ ಪಾಕದ ಹಾಗೆ. ಇಷ್ಟು ಸಕ್ಕರೆಯ ಒತ್ತಡದಲ್ಲಿ ಯೀಸ್ಟ್ ತನ್ನನ್ನು ಕಾಪಾಡಿಕೊಳ್ಳಲು ಗ್ಲಿಸರಾಲ್ ಮಾಡುತ್ತದೆ, ಅದರ ಬೆನ್ನಿಗೇ ಅಸಿಟಿಕ್ ಆಮ್ಲವನ್ನೂ. ತಿಂಗಳು, ಒಂದೂವರೆ ತಿಂಗಳು ಎಳೆಯುತ್ತದೆ. ಕೊನೆಯಲ್ಲಿ ಆಲ್ಕೋಹಾಲ್ 15 ದಾಟುವಾಗ ಯೀಸ್ಟ್ ಸೋತು ಕೈಬಿಟ್ಟರೆ ಸಕ್ಕರೆ ಉಳಿಯುತ್ತದೆ. ಯೀಸ್ಟ್ ಮೊದಲು ಗ್ಲೂಕೋಸ್ ತಿನ್ನುವುದರಿಂದ ಉಳಿಯುವುದು ಹೆಚ್ಚಾಗಿ ಫ್ರಕ್ಟೋಸ್, ಅದು ಗ್ಲೂಕೋಸ್‌ಗಿಂತ ಸಿಹಿ. ಹಾಗಾಗಿ ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಅಂಕಿ ನಾಲಿಗೆಗೆ ಚಿಕ್ಕದಲ್ಲ.

ನನ್ನ ತಕರಾರು ಇಲ್ಲಿ. ಮಾರುಕಟ್ಟೆಗೆ ದಪ್ಪವೇ ಬೇಕು ಅಂತ ಲೀಟರಿಗೆ ಏಳೆಂಟು ಗ್ರಾಂ ಸಕ್ಕರೆ ಬಿಟ್ಟು, 225 ಲೀಟರಿನ ಸಣ್ಣ ಓಕ್ ಪೀಪಾಯಿ, ಅಂದರೆ ಹೊಸ ಬ್ಯಾರಿಕ್‌ನಲ್ಲಿಟ್ಟು ವೆನಿಲಾ ಹತ್ತಿಸಿದ ಅಮರೋನೆಗಳು ಬೇಕಾದಷ್ಟಿವೆ. ಮೊದಲ ಗುಟುಕಿಗೆ ಅದ್ಭುತ. ಅರ್ಧ ಗ್ಲಾಸಿಗೆ ಜಾಮ್ ತಿಂದ ಹಾಗೆ ಸಾಕಾಗುತ್ತದೆ. ರುಚಿ ನೋಡುವ ಸ್ಪರ್ಧೆಯಲ್ಲಿ ಇವು ಗೆಲ್ಲುವುದೂ ಆ ಮೊದಲ ಗುಟುಕಿಗೇ. ಅಲ್ಲಿ ಯಾರೂ ಬಾಟಲಿ ಮುಗಿಸುವುದಿಲ್ಲವಲ್ಲ. ಸಕ್ಕರೆ ಮೂರ್ನಾಲ್ಕು ಗ್ರಾಂ ಮೀರದಂತೆ ಹುದುಗಿಸಿ, ಸ್ಲವೋನಿಯಾ ಓಕ್‌ನ ಸಾವಿರಾರು ಲೀಟರ್ ಹಿಡಿಯುವ ಹಳೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು ಬೇರೆಯೇ ದಾರಿ. ಅದರ ಬಣ್ಣ ಕಡುಗಪ್ಪಲ್ಲ, ಮಾಣಿಕ್ಯದಿಂದ ಇಟ್ಟಿಗೆ ಕೆಂಪಿನ ಕಡೆಗೆ. ಬಾಯಲ್ಲಿ ಭಾರ ಪೂರ್ತಿ ಇರುತ್ತದೆ. ಆದರೆ ಕೊರ್ವಿನಾದ ಹುಳಿ ಕೆಳಗಿನಿಂದ ಎತ್ತಿ ಹಿಡಿಯುತ್ತದೆ, ಕೊನೆಗೆ ಬಾದಾಮಿ ಸಿಪ್ಪೆಯಂಥ ಕಹಿ ಬಾಯಿ ಒರೆಸುತ್ತದೆ. ನಾನು ಫುಲ್ ಬಾಡಿ ಅಂತ ಮೆಚ್ಚುವುದು ಇದನ್ನು.

ಗ್ಲಾಸ್ ತಿರುಗಿಸಿದಾಗ ಗೋಡೆಯ ಮೇಲೆ ಇಳಿಯುವ ಹನಿಗಳನ್ನು ತೋರಿಸಿ ಗುಣಮಟ್ಟ ಹೇಳುವವರನ್ನು ನಂಬಬೇಡಿ. ಆಲ್ಕೋಹಾಲ್ ನೀರಿಗಿಂತ ಬೇಗ ಆರುವುದರಿಂದ ಮೇಲ್ಮೈ ಎಳೆತ ಬದಲಾಗಿ ಆಗುವ ಕ್ರಿಯೆ ಅದು. ಅಗ್ಗದ ರಮ್ಮಿನಲ್ಲೂ ಹನಿ ಇಳಿಯುತ್ತದೆ. ಗ್ಲಿಸರಾಲ್ ಕೂಡ ಜನ ಅಂದುಕೊಂಡಷ್ಟು ದಪ್ಪ ಮಾಡುವುದಿಲ್ಲ, ಒಂದಿಷ್ಟು ಸಿಹಿ ಸುಳಿವು ಕೊಡುತ್ತದೆ ಅಷ್ಟೆ. ಬಾಯಲ್ಲಿ ತೂಕ ಅನ್ನಿಸುವುದು ಆಲ್ಕೋಹಾಲ್, ರಸದಲ್ಲಿ ಕರಗಿರುವ ಸಾರ, ಉಳಿದ ಸಕ್ಕರೆ, ಟ್ಯಾನಿನ್ ಎಲ್ಲ ಸೇರಿ.

ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಇಂಥ ವೈನ್ ಹಾಳಾಗುವುದು ಬಹುತೇಕ ಉಷ್ಣತೆಯಿಂದ. 'ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ' ಅನ್ನುವ ಮಾತು ಯೂರೋಪಿನ ತಣ್ಣನೆಯ ಕಲ್ಲಿನ ಮನೆಗಳದ್ದು. 28 ಡಿಗ್ರಿಯಲ್ಲಿ 16 ಶೇಕಡಾ ಆಲ್ಕೋಹಾಲ್ ಮೂಗಿಗೆ ಸ್ಪಿರಿಟ್ ಬಡಿದ ಹಾಗೆ ಬರುತ್ತದೆ, ಹಣ್ಣು ಹಿಂದೆ ಸರಿಯುತ್ತದೆ. 16ರಿಂದ 18 ಡಿಗ್ರಿಗೆ ಇಳಿಸಿ. ಫ್ರಿಜ್ಜಿನಲ್ಲಾದರೆ ಒಂದೂವರೆ ಗಂಟೆ, ಐಸು ನೀರು ಎರಡೂ ಸೇರಿದ ಬಕೆಟ್ಟಿನಲ್ಲಾದರೆ ಹತ್ತು ನಿಮಿಷ. ಬರೀ ಐಸ್ ಹಾಕಿದರೆ ನಡುವೆ ಗಾಳಿ ನಿಂತು ತಡವಾಗುತ್ತದೆ, ನೀರು ಸೇರಿಸಿ. ತೀರಾ ಹತ್ತು ಹನ್ನೆರಡಕ್ಕೆ ಇಳಿಸಿದರೂ ತಪ್ಪೇ: ಟ್ಯಾನಿನ್ ಒಗರಾಗಿ ಎದ್ದು ನಿಲ್ಲುತ್ತದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನ ಲಾ ರಿಸರ್ವ್‌ಗೂ, ಅದು ಕ್ಯಾಬರ್ನೆ ಮತ್ತು ಶಿರಾಜ್ ಬೆರಕೆ, ಇದೇ ಉಷ್ಣತೆ ಹೊಂದುತ್ತದೆ. ಎಳೆಯ ಅಮರೋನೆಯನ್ನು ಒಂದೆರಡು ಗಂಟೆ ಮೊದಲೇ ಡಿಕ್ಯಾಂಟರಿಗೆ, ಅಂದರೆ ಅಗಲ ಹೊಟ್ಟೆಯ ಗಾಜಿನ ಹೂಜಿಗೆ, ಸುರಿಯಿರಿ, ಇಪ್ಪತ್ತು ವರ್ಷದ್ದಾದರೆ ಕುಡಿಯುವ ಮುಂಚೆ ಗಷ್ಟು ಬಿಡಿಸಲು ಮಾತ್ರ.

ಅಳತೆ ಮರೆಯಬೇಡಿ. 16 ಶೇಕಡಾ ವೈನಿನ 150 ಎಂಎಲ್ ಗ್ಲಾಸಿನಲ್ಲಿ 24 ಎಂಎಲ್ ಶುದ್ಧ ಆಲ್ಕೋಹಾಲ್ ಇದೆ. 42.8 ಶೇಕಡಾ ವಿಸ್ಕಿಯ ಒಂದು ಲಾರ್ಜ್‌ನಲ್ಲಿ 25.7. ವೈನ್ ತಾನೇ ಅಂತ ಮೂರು ಗ್ಲಾಸ್ ಇಳಿಸುವವರು ಮೂರು ಲಾರ್ಜ್ ಹಾಕಿದ ಲೆಕ್ಕ. ದೊಡ್ಡ ಗ್ಲಾಸಿನಲ್ಲಿ 100 ಎಂಎಲ್ ಸಾಕು.

ಊಟಕ್ಕೆ ವೆರೋನಾದವರು ಗಂಟೆಗಟ್ಟಲೆ ಬೇಯಿಸಿದ ಮಾಂಸ, ಹಳೆಯ ಮೊಂಟೆ ವೆರೊನೇಸೆ ಚೀಸ್ ಇಡುತ್ತಾರೆ. ನಮ್ಮ ಅಡುಗೆಯಲ್ಲಿ ಖಾರ ತೊಡಕು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮುಟ್ಟುವ ನರವನ್ನೇ ಆಲ್ಕೋಹಾಲೂ ಮುಟ್ಟುತ್ತದೆ, ಎರಡೂ ಸೇರಿದರೆ ಬಾಯಿ ಉರಿ. ಕೋರಿ ಗಸಿಗೆ ಬಿಯರೇ ವಾಸಿ. ಕೊಡಗಿನ ಪಂದಿ ಕರಿ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ, ಹಸಿಮೆಣಸು ಕಡಿಮೆ ಮಾಡಿದರೆ: ಕೊಬ್ಬು ಒಗರನ್ನು ಹೀರುತ್ತದೆ, ಕಾಚಂಪುಳಿಯ ಹುಳಿ ವೈನಿನ ಭಾರವನ್ನು ಸರಿದೂಗಿಸುತ್ತದೆ.

ಕೊಳ್ಳುವಾಗ ಕಾರ್ಕ್ ನೋಡಿ. ಬಾಯಿಯ ಅಂಚಿಗಿಂತ ಮೇಲೆದ್ದಿದ್ದರೆ, ಕಾರ್ಕಿನ ಮೇಲಿನ ಹೊದಿಕೆ ಅಂದರೆ ಕ್ಯಾಪ್ಸೂಲ್ ಅಂಟಂಟಾಗಿದ್ದರೆ ಸಾಗಣೆಯಲ್ಲೋ ಗೋಡೌನಿನಲ್ಲೋ ಬೆಂದಿದೆ, ಬಿಡಿ. ಲೇಬಲ್‌ನ ಆಲ್ಕೋಹಾಲ್ ಅಂಕಿ ಅರ್ಧ ಶೇಕಡಾ ಆಚೀಚೆ ಇರಲು ಅವಕಾಶವಿದೆ. ಆದರೂ 15 ಅಂತ ಇರುವುದನ್ನೂ 16.5 ಅಂತ ಇರುವುದನ್ನೂ ಮುಂದಿಟ್ಟರೆ ನಾನು ಮೊದಲನೆಯದಕ್ಕೆ ಕೈ ಹಾಕುತ್ತೇನೆ. ಅಮರೋನೆಯ ಬೆಲೆ ಎಟುಕದಿದ್ದರೆ ರಿಪಾಸ್ಸೊ ಕೇಳಿ: ಹುದುಗಿ ಮುಗಿದ ಅಮರೋನೆಯ ಸಿಪ್ಪೆಯ ಮೇಲೆ ಮಾಮೂಲಿ ವಾಲ್ಪೊಲಿಚೆಲ್ಲಾ ಸುರಿದು ಮತ್ತೊಮ್ಮೆ ಹುದುಗಿಸಿದ್ದು. ಅರ್ಧ ಬೆಲೆಗೆ ಅರ್ಧಕ್ಕಿಂತ ಹೆಚ್ಚು ಸುಖ.

ತೆರೆದ ಬಾಟಲಿ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ತಡೆಯುತ್ತದೆ. ಆಮೇಲೂ ಉಳಿದರೆ ರಿಸೊಟ್ಟೊಗೆ, ಅಂದರೆ ಇಟಲಿಯ ಮೆತ್ತನೆಯ ಅನ್ನದ ಅಡುಗೆಗೆ. ವೆರೋನಾದಲ್ಲಿ ವಿಯಲೋನೆ ನಾನೊ ಅಕ್ಕಿಯಲ್ಲಿ ಮಾಡುತ್ತಾರೆ. ನಾಲ್ಕು ಜನಕ್ಕೆ 320 ಗ್ರಾಂ ಅಕ್ಕಿ, 300 ಎಂಎಲ್ ವೈನ್. ವೈನನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಅರ್ಧಕ್ಕೆ ಇಳಿಸಿ ಸೇರಿಸಿ. ಹಸಿಯಾಗಿಯೇ ಸುರಿದು ಬೇಗ ಇಳಿಸಿದರೆ ಆಲ್ಕೋಹಾಲಿನ ಚುರುಕು ಅನ್ನದಲ್ಲೇ ಉಳಿಯುತ್ತದೆ, ಆಮೇಲೆ ಎಷ್ಟು ಬೆಣ್ಣೆ, ಚೀಸ್ ಹಾಕಿದರೂ ಹೋಗುವುದಿಲ್ಲ.