ಒತ್ತಡವಿಲ್ಲದ ಬೆಳಗು: ನಾಳೆ 7.30ಕ್ಕೆ, ಹಾಜರಿ ಕಡ್ಡಾಯ

ಶುಕ್ರವಾರ ರಾತ್ರಿ 9.40ಕ್ಕೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ‘ಪ್ರಿಯ ಪೋಷಕರೇ, ಚಿಕ್ಕ ಮಕ್ಕಳ ಮನೆಯಲ್ಲಿ ಬೆಳಗಿನ ಒತ್ತಡ ಕಡಿಮೆ ಮಾಡುವುದು ಹೇಗೆ? ಕಾರ್ಯಾಗಾರ ನಾಳೆ ಬೆಳಗ್ಗೆ 7.30ಕ್ಕೆ. ಅಪ್ಪ ಅಮ್ಮ ಇಬ್ಬರೂ ಬರುವುದು ಕಡ್ಡಾಯ. ತಡವಾದರೆ ಗೇಟ್ ತೆರೆಯುವುದಿಲ್ಲ.’

‘ರೀ, ಇಸ್ತ್ರಿಗೆ ಕೊಟ್ಟ ಬಟ್ಟೆ ಇನ್ನೂ ಬಂದಿಲ್ಲ’ ಅಂದಳು ಹೆಂಡತಿ. ಒತ್ತಡ ಅಲ್ಲಿಂದಲೇ ಶುರು.

ಈ 9.40 ನಮ್ಮ ಶಾಲೆಯ ಶುಭ ಮುಹೂರ್ತ. ಹೋದ ತಿಂಗಳು ಅದೇ ಹೊತ್ತಿಗೆ, ‘ನಾಳೆ ತರಕಾರಿ ದಿನ. ನಿಮ್ಮ ಮಗು ಬೆಂಡೆಕಾಯಿ. ವೇಷ ಸರಳವಾಗಿರಲಿ’ ಅಂತ ಬಂದಿತ್ತು. ಸ್ಟೇಷನರಿ ಅಂಗಡಿಗೆ ಓಡಿದೆ. ಶಟರ್ ಅರ್ಧ ಇಳಿದಿತ್ತು. ಬಗ್ಗಿ ಕೇಳಿದೆ. ‘ಹಸಿರು ಪೇಪರಾ? ಖಾಲಿ ಸಾರ್. ಈಗ ತಾನೇ ಮೂರು ಬೆಂಡೆಕಾಯಿ, ಒಂದು ಹೀರೆಕಾಯಿ ಬಂದು ತಗೊಂಡು ಹೋದ್ರು’ ಅಂದ. ಕೊನೆಗೆ ನನ್ನ ಹಸಿರು ಲುಂಗಿ ಹುತಾತ್ಮವಾಯಿತು.

ಕಾರ್ಯಾಗಾರಕ್ಕೆ ಹೋದೆವು. ಕೂರಿಸಿದ್ದು ಯುಕೆಜಿ ಕುರ್ಚಿಗಳಲ್ಲಿ. ಮೊಣಕಾಲು ಗಲ್ಲಕ್ಕೆ ತಾಗುವಂತೆ ಅರವತ್ತು ಅಪ್ಪ ಅಮ್ಮಂದಿರು ಮುದುಡಿ ಕೂತಿದ್ದೆವು. ಅರ್ಧ ಜನ ಆಕಳಿಸುತ್ತಿದ್ದರು, ಉಳಿದರ್ಧ ನಿದ್ದೆ ಮಾಡುತ್ತಿದ್ದರು. ಮೇಡಂ ಮೊದಲ ಸ್ಲೈಡ್ ಹಾಕಿದರು: ‘ಮಗು ಬೇಗ ಮಲಗಲಿ. ಮರುದಿನಕ್ಕೆ ಬೇಕಾದ್ದನ್ನೆಲ್ಲ ರಾತ್ರಿಯೇ ಜೋಡಿಸಿಡಿ.’

ನಾನು ಕೈ ಎತ್ತಿದೆ. ‘ಮೇಡಂ, ಏನು ಬೇಕು ಅಂತ ಗೊತ್ತಾಗೋದೇ 9.40ಕ್ಕೆ. ಆಮೇಲೆ ಜೋಡಿಸೋದು ಯಾವಾಗ, ಮಲಗಿಸೋದು ಯಾವಾಗ?’

‘ತುಂಬಾ ಒಳ್ಳೆ ಪ್ರಶ್ನೆ. ಕೊನೆಯಲ್ಲಿ ತಗೊಳ್ಳೋಣ.’

ಆ ಕೊನೆ ಬರಲೇ ಇಲ್ಲ.

ಎರಡನೇ ಸ್ಲೈಡಿನಲ್ಲಿ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಇತ್ತು. ನಿಜವೇ, ನಿದ್ರಾ ತಜ್ಞರೂ ಹೇಳುವುದು ಅದನ್ನೇ. ಆದರೆ ನಮ್ಮ ಎರಡನೇ ಕ್ಲಾಸಿನ ಪುಟ್ಟಿಗೆ ಬಸ್ಸು 7.05ಕ್ಕೆ. ಬೆಲ್ಲು 8.15ಕ್ಕೆ. ಶಾಲೆ ಐದೇ ಕಿಲೋಮೀಟರ್. ಮಿಕ್ಕ ಹೊತ್ತು ಅವಳು ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳ ದರ್ಶನ ಮಾಡುತ್ತಾಳೆ. ಯಾವ ಗೇಟಿನ ವಾಚ್‌ಮನ್ ಮೀಸೆ ಬಿಟ್ಟಿದ್ದಾನೆ ಅಂತ ಅವಳಿಗೆ ಬಾಯಿಪಾಠ. ಮಗ್ಗಿ ಇನ್ನೂ ಬರುವುದಿಲ್ಲ.

7.05ರ ಬಸ್ಸಿಗೆ ಆರಕ್ಕೆ ಎಬ್ಬಿಸಬೇಕು. ಎಬ್ಬಿಸುವುದು ಅಂದರೆ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ನಿಲ್ಲಿಸುವುದು. ಬ್ರಷ್ ಬಾಯಲ್ಲಿ, ಕಣ್ಣು ಮುಚ್ಚಿದೆ, ಪೇಸ್ಟ್ ನೊರೆ ಗಲ್ಲದಿಂದ ಇಳಿದು ಒಗೆದ ಯೂನಿಫಾರಂ ಮೇಲೆ. ಕಾಲುಚೀಲ ಮಾತ್ರ ಯಾವತ್ತೂ ಒಂದೇ ಸಿಗುತ್ತದೆ. ಇನ್ನೊಂದನ್ನು ಹುಡುಕುವುದು ನನ್ನ ಖಾತೆ. ಮೊನ್ನೆ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆ ಪಕ್ಕ ಸಿಕ್ಕಿತು. ‘ಅದಕ್ಕೆ ಸೆಕೆ ಆಗ್ತಿತ್ತು ಅಪ್ಪ’ ಅಂದಳು.

ಸರ್ಕಾರ ಸುಮ್ನೆ ಕೂತಿಲ್ಲ ಬಿಡಿ. 2019ರಲ್ಲೇ ಆದೇಶ ಮಾಡಿದೆ, ಒಂದು ಮತ್ತು ಎರಡನೇ ಕ್ಲಾಸಿನ ಮಕ್ಕಳ ಬ್ಯಾಗು ಎರಡು ಕೆಜಿ ಮೀರಬಾರದು ಅಂತ. ಬಸ್ ಸ್ಟಾಪಿನಲ್ಲಿ ತರಕಾರಿ ಗಾಡಿಯವನ ತಕ್ಕಡಿ ಮೇಲೆ ಪುಟ್ಟಿಯ ಬ್ಯಾಗು ಇಟ್ಟು ನೋಡಿದೆ. ‘ನಾಲ್ಕು ಕೆಜಿ ನೂರು ಗ್ರಾಂ ಸಾರ್. ಈರುಳ್ಳಿ ಆಗಿದ್ರೆ ಒಂದು ವಾರ ಬರೋದು’ ಅಂದ. ಆದೇಶ ಹಗುರ ಇತ್ತೇನೋ, ಗಾಳಿಗೆ ಹಾರಿಹೋಗಿರಬೇಕು.

ಶಾಲೆಯ ಸಮಯದ ಬಗ್ಗೆಯೂ ಚರ್ಚೆ ಆಗಿದೆ. 2023ರಲ್ಲಿ ಹೈಕೋರ್ಟ್ ಸೂಚನೆ ಮೇಲೆ ಶಿಕ್ಷಣ ಇಲಾಖೆ ಬೆಂಗಳೂರಿನಲ್ಲಿ ಸಭೆ ಕರೆದಿತ್ತು. ಮಕ್ಕಳಿಗೆ ನಿದ್ದೆ ಸಾಲದು ಅಂತ ಅಲ್ಲ, ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ ಅಂತ. ಸಮಯ ಬದಲಿಸಲು ಶಾಲೆಗಳು ಒಪ್ಪಲಿಲ್ಲ. ಪಕ್ಕದ ಮಹಾರಾಷ್ಟ್ರ 2024ರಲ್ಲಿ, ನಾಲ್ಕನೇ ಕ್ಲಾಸಿನವರೆಗೆ 9ಕ್ಕೆ ಮೊದಲು ಶಾಲೆ ಬೇಡ ಅಂತ ಸುತ್ತೋಲೆ ಹೊರಡಿಸಿತು, ಮಕ್ಕಳ ನಿದ್ದೆಯ ಹೆಸರಲ್ಲೇ. ಅಲ್ಲೂ ಬಸ್ಸಿನವರು ಗಲಾಟೆ ಮಾಡಿದರು. ಎಲ್ಲ ಊರಲ್ಲೂ ಮಗು ಏಳುವ ಹೊತ್ತನ್ನು ತೀರ್ಮಾನಿಸುವುದು, ಒಂದು ಗುಂಪನ್ನು ಇಳಿಸಿ ಇನ್ನೊಂದನ್ನು ತರಲು ಓಡುವ ಡ್ರೈವರ್‌ನ ಎರಡನೇ ಟ್ರಿಪ್ಪು, ಅಲ್ವಾ?

ಇಷ್ಟೆಲ್ಲ ಇರುವಾಗ ಮೇಡಂ ಕೊನೆಯ ಸ್ಲೈಡ್ ಹಾಕಿದರು: ‘ಆಳವಾಗಿ ಉಸಿರು ಎಳೆದುಕೊಳ್ಳಿ. ಮಗುವಿನ ಜೊತೆ ಐದು ನಿಮಿಷ ಸೂರ್ಯೋದಯ ನೋಡಿ.’ ಸೂರ್ಯೋದಯವನ್ನು ನಮ್ಮ ಪುಟ್ಟಿ ದಿನಾ ನೋಡುತ್ತಾಳೆ, ಬಚ್ಚಲ ಕಿಟಕಿಯಿಂದ, ಒಂದು ಕಣ್ಣಲ್ಲಿ.

ಮನೆಗೆ ಬಂದಾಗ ಹತ್ತೂವರೆ. ಚಿಕ್ಕವರಿಗೆ ಶನಿವಾರ ರಜೆ. ಪುಟ್ಟಿ ಜಗಲಿಯಲ್ಲಿ ಕೂತು ಮೂರನೇ ದೋಸೆ ತಿನ್ನುತ್ತಿದ್ದಳು. ‘ಎಂಟೂವರೆಗೆ ತಾನಾಗೇ ಎದ್ಲು ಕಣಪ್ಪ. ಹಲ್ಲು ಉಜ್ಜು ಅಂತ ನಾನು ಹೇಳಲೂ ಇಲ್ಲ, ಅವಳೇ ಹೋಗಿ ಉಜ್ಜಿಕೊಂಡ್ಲು. ಒಂದು ಹನಿ ಅಳು ಇಲ್ಲ’ ಅಂದರು ಅಮ್ಮ.

ಅಷ್ಟರಲ್ಲಿ ಶಾಲೆಯಿಂದ ಫೀಡ್‌ಬ್ಯಾಕ್ ಫಾರಂ ಬಂತು. ‘ಕಾರ್ಯಾಗಾರದಿಂದ ನಿಮ್ಮ ಮನೆಯ ಬೆಳಗಿನಲ್ಲಿ ಏನು ಬದಲಾವಣೆ ಕಂಡಿರಿ?’ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ: ‘ಮಗು ಎಂಟೂವರೆಗೆ ಎದ್ದು, ಅಳದೆ ಮೂರು ದೋಸೆ ತಿಂದಿದೆ. ಶಾಲೆ ಇರಲಿಲ್ಲ.’

ಉತ್ತರ ರಾತ್ರಿ 9.40ಕ್ಕೆ ಬಂತು. ‘ಕಾರ್ಯಾಗಾರ ಫಲ ಕೊಟ್ಟಿದ್ದು ತಿಳಿದು ಸಂತೋಷ. ಎರಡನೇ ಭಾಗ ಮುಂದಿನ ಶನಿವಾರ ಬೆಳಗ್ಗೆ 7ಕ್ಕೆ. ಈ ಸಲ ಮಗುವನ್ನೂ ಕರೆತನ್ನಿ.’